ಲಿನಕ್ಸಿಗೂ ‘ಆಯ್ತ್ರಿ’ ಅಂದೆ

ನನಗೆ ಸಿಟ್ಟು ಬಹಳ. ಇದನ್ನು ನಂಬುವವರು ಹುಮನಾಬಾದಿನಲ್ಲಿ ಒಬ್ಬರೂ ಇಲ್ಲ ಎನ್ನುವುದು ನನ್ನ ಸಿಟ್ಟಿಗೆ ಇನ್ನೊಂದು ಕಾರಣ. ಒಳಗೆ ಎಷ್ಟೇ ಕುದಿಯುತ್ತಿದ್ದರೂ ಬಾಯಿ ತೆರೆದರೆ ಹೊರಬೀಳುವುದು ಒಂದೇ ಮಾತು: ‘ಆಯ್ತ್ರಿ.’ ಪಕ್ಕದ ಮನೆಯವರು ನಮ್ಮ ಏಣಿ ಒಯ್ದು ಆರು ತಿಂಗಳಾಯಿತು. ‘ಇನ್ನೊಂದೆರಡ ದಿನ ಇರ್ಲೇನ್ರಿ?’ ಎಂದು ಈಗಲೂ ಗೋಡೆಯಾಚೆಯಿಂದ ಕೇಳುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ. ಹೆಂಡತಿಯ ತವರಿನಲ್ಲಿ ನಾನು ದೇವರಂಥ ಮನುಷ್ಯ. ಈ ದೇವರು ಹಲ್ಲು ಕಡಿಯುವ ಸದ್ದು ಕೇಳಿದವಳು ಹೆಂಡತಿಯೊಬ್ಬಳೇ.

ನಮ್ಮ ಹೈಸ್ಕೂಲಿಗೆ ಕಂಪ್ಯೂಟರ್ ಬಂದ ಹೊಸತು. ವಿಜ್ಞಾನದ ಸೂರ್ಯಕಾಂತ ಸರ್ ಅದನ್ನು ನಡೆಸಲು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿದರು. ಹಳೆಯ ಪ್ರಿಂಟರಿನಿಂದ ಕನ್ನಡ ಅಕ್ಷರ ಬರಿಸಲು ಹದಿನೈದು ದಿನ ಗುದ್ದಾಡಿದರು. ಎಲ್ಲ ಸರಿಹೋದ ಮರುವಾರವೇ ಬಸವಕಲ್ಯಾಣಕ್ಕೆ ವರ್ಗವಾಗಿ ಹೋದರು. ‘ಇನ್ ಮ್ಯಾಲ ಕಂಪ್ಯೂಟರ್ ನೀವೇ ನೋಡ್ಕೋಬೇಕ್ರಿ’ ಎಂದರು ಹೆಡ್ ಮಾಸ್ತರರು. ನಾನು ಇತಿಹಾಸ ಹೇಳುವವನು. ನನಗೂ ಕಂಪ್ಯೂಟರಿಗೂ ಇದ್ದ ಸಂಬಂಧ ಅದರ ಧೂಳು ಒರೆಸುವಷ್ಟರದು. ಅದನ್ನೇ ಹೇಳಬೇಕೆಂದು ಬಾಯಿ ತೆರೆದೆ. ‘ಆಯ್ತ್ರಿ’ ಎಂದೆ.

ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ. ಆರೂ ವಿಷಯಗಳ ಪ್ರಶ್ನೆಪತ್ರಿಕೆಗಳು ಆ ಡಬ್ಬಾದೊಳಗೇ ಇದ್ದವು, ಅಂದೇ ಅಚ್ಚಾಗಬೇಕಿತ್ತು. ಅಷ್ಟರಲ್ಲಿ ಪರದೆಯ ಮೇಲೆ, ಹೊಸ ಪ್ಯಾಕೇಜುಗಳು, ಅಂದರೆ ಒಳಗಿನ ತಂತ್ರಾಂಶದ ಹೊಸ ಕಂತುಗಳು, ಬಂದಿವೆ ಎಂಬ ಸೂಚನೆ ಮೂಡಿತು. ಬೆನ್ನ ಹಿಂದೆ ಹೆಡ್ ಮಾಸ್ತರರು. ‘ಹೊಸಾವು ಬಂದಾವಂತಲ್ರಿ, ಹಾಕ್ಬಿಡ್ರಿ. ಪೇಪರ್ ಚಂದ ಬರ್ತಾವ.’ ಆ ಪ್ಯಾಕೇಜಿಗೂ ಪೇಪರಿನ ಚಂದಕ್ಕೂ ಏನ್ರಿ ಸಂಬಂಧ ಎಂದು ಕೇಳುವವನಿದ್ದೆ. ಕೇಳಲಿಲ್ಲ. ಅಪ್‌ಗ್ರೇಡ್ ಶುರುವಾಯಿತು. ನಡುವೆ ಅದು ನಿಂತು ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಕೇಳಿ, ಕೊನೆಗೆ ಹೌದಾದರೆ ವೈ, ಬೇಡವಾದರೆ ಎನ್ ಒತ್ತು ಎಂದಿತು. ಅಷ್ಟು ಸಾವಕಾಶವಾಗಿ ಕೇಳಿದವರಿಗೆ ಇಲ್ಲ ಎನ್ನುವುದು ಹೇಗೆ? ವೈ ಒತ್ತಿದೆ. ಎರಡು ನಿಮಿಷಕ್ಕೆ ಪ್ರಿಂಟರಿನ ಪ್ಯಾಕೇಜ್ ಕೈಕೊಟ್ಟು ಅಪ್‌ಗ್ರೇಡ್ ಅರ್ಧಕ್ಕೇ ನಿಂತಿತು. ಮತ್ತೆ ಹಾಕಿದರೆ, ಮೊದಲು ಆ ಅರ್ಧ ಮುಗಿಸು ಎಂದಿತು. ಮುಗಿಸಪ್ಪಾ ಎಂದರೆ, ಆಗುವುದಿಲ್ಲ ಎಂದಿತು. ಏಳು ಸಲ ಇದೇ ಜಗಳ. ಆ ಕೀಬೋರ್ಡನ್ನು ಎತ್ತಿ ಬಾವಿಗೆ ಎಸೆಯುವಷ್ಟು ಸಿಟ್ಟು ಬಂತು.

‘ಖರಾಬ್ ಮಾಡಿ ಇಟ್ರೇನ್ರಿ? ಈಗಿಂದೀಗ ಬಸವಕಲ್ಯಾಣಕ್ಕ ಒಯ್ದು ಸೂರ್ಯಕಾಂತ ಸರ್‌ಗೆ ತೋರ್ಸ್ಕೊಂಡ್ ಬರ್ರಿ’ ಎಂದರು, ಹಾಕಲು ಹೇಳಿದ ಅದೇ ಹೆಡ್ ಮಾಸ್ತರರು. ನನ್ನ ಉತ್ತರ ನಿಮಗೆ ಗೊತ್ತು.

ಡಬ್ಬಾವನ್ನು ಚಾದರದಲ್ಲಿ ಕಟ್ಟಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಬೆಳಿಗ್ಗೆ ತಿಂದ ಒಂದು ತಟ್ಟೆ ಮಂಡಕ್ಕಿ ಸುಸಲಾ ಆಗಲೇ ಕರಗಿತ್ತು. ಪಕ್ಕದಲ್ಲಿ ಹುಡಗಿ ಎಂಬ ಊರಿನ ಒಬ್ಬ ಅಜ್ಜ, ಮಗಳ ಮನೆಗೆ ಜೋಳದ ಗಂಟು ಒಯ್ಯುತ್ತಿದ್ದರು.

‘ಏನ್ ಒಯ್ಯಾಕತ್ತೀರಿ ಮಾಸ್ತರ?’

‘ಕಂಪ್ಯೂಟರ್ ರೀ. ಕೆಟ್ಟದ.’

‘ಅದರ ಮ್ಯಾಲ ನನ್ನ ಗಂಟ ಇಡ್ಲೇನ್ರಿ? ಕಾಲಾಗ ಜಾಗಾ ಇಲ್ಲ.’

‘ಆಯ್ತ್ರಿ, ಇಡ್ರಿ.’

ಬಸವಕಲ್ಯಾಣದವರೆಗೂ ಮೇಲೆ ಜೋಳ, ಅದರ ಕೆಳಗೆ ಆರು ಪ್ರಶ್ನೆಪತ್ರಿಕೆ, ಅದರ ಕೆಳಗೆ ನಾನು. ಹೆಡ್ ಮಾಸ್ತರರನ್ನು, ಲಿನಕ್ಸನ್ನು, ಅಜ್ಜನನ್ನು, ಅಜ್ಜನ ಅಳಿಯನನ್ನೂ ಮನಸ್ಸಿನಲ್ಲೇ ಬೈದೆ. ಅಳಿಯನ ಪರಿಚಯ ನನಗಿರಲಿಲ್ಲ.

ಸೂರ್ಯಕಾಂತ ಸರ್ ತಮ್ಮ ಹೊಸ ಶಾಲೆಯಲ್ಲಿ ಡಬ್ಬಾ ಜೋಡಿಸಿ ನೋಡಿದರು. ‘ಅದು ಏನ್ ಕೇಳ್ತು, ಓದಿದ್ರೇನ್ರಿ ಸರ್?’

‘ಇಲ್ರಿ.’

‘ನಿಮ್ಮ ಹಳೀ ಸೆಟ್ಟಿಂಗ್ ಫೈಲ್ ತೆಗೆದು ನನ್ನ ಹೊಸಾದು ಹಾಕ್ಲೇನು ಅಂತ ಕೇಳ್ಯದ. ನಾ ಹದಿನೈದ್ ದಿನ ಕೂತು ಬರ್ದ ಫೈಲ್ ಅದು. ನೀವು ಹೂಂ ಅಂದೀರಿ. ಹೊಸಾದರಾಗ ನಮ್ಮ ಪ್ರಿಂಟರ್ ಹೆಸರೇ ಇಲ್ಲ, ಪ್ಯಾಕೇಜ್ ಹ್ಯಾಂಗ ಏಳಬೇಕ್ರಿ?’

ಪುಣ್ಯಕ್ಕೆ ಯಂತ್ರವೇ ಹಳೆಯ ಫೈಲನ್ನು ಬೇರೆ ಹೆಸರಿನಲ್ಲಿ ಪಕ್ಕಕ್ಕಿಟ್ಟಿತ್ತು. ಅವರು ಅದನ್ನು ಮೊದಲಿನ ಜಾಗಕ್ಕೆ ತಂದು, ಅರ್ಧಕ್ಕೆ ನಿಂತದ್ದನ್ನು ಮುಗಿಸು ಎಂದು ಒಂದೇ ಸಾಲು ಬರೆದರು. ಪ್ಯಾಕೇಜುಗಳೆಲ್ಲ ತೆಪ್ಪಗೆ ಒಂದೊಂದಾಗಿ ಕುಳಿತವು. ನನ್ನ ಜೊತೆ ಏಳು ಸಲ ಜಗಳವಾಡಿದ್ದು ಇದೇ ಏನು ಎಂದು ಮತ್ತೆ ಸಿಟ್ಟು ಬಂತು.

‘ಸುಮ್ನ ಎಂಟರ್ ಒತ್ತಿದ್ರೂ ಸಾಕಿತ್ರಿ’ ಎಂದರು ಅವರು. ‘ಏನೂ ಹೇಳ್ದಿದ್ರ ಬ್ಯಾಡ ಅಂತನೇ ತಿಳ್ಕೋತದ.’

ಈ ಮಾತು ಎದೆಗೆ ನಾಟಿತು. ನಾನು ಬಾಯಿ ಬಿಡದಿದ್ದರೆ ಬೇಡವೆಂದು ಅರ್ಥ ಮಾಡಿಕೊಳ್ಳುವ ಜೀವ ಇಡೀ ಜಿಲ್ಲೆಯಲ್ಲಿ ಈ ಡಬ್ಬಾ ಒಂದೇ. ಅದಕ್ಕೂ ನಾನು ‘ಆಯ್ತ್ರಿ’ ಅಂದೆನಲ್ಲ. ಮರಳುವ ಬಸ್ಸಿನಲ್ಲಿ ನಿರ್ಧರಿಸಿದೆ: ಇನ್ನು ಮೇಲೆ ಯಾರು ಏನೇ ಕೇಳಲಿ, ಬೇಡ ಎನ್ನಲು ಆಗದಿದ್ದರೆ ಸುಮ್ಮನಾದರೂ ಇರುತ್ತೇನೆ.

ಸಂಜೆಯ ಹೊತ್ತಿಗೆ ಆರೂ ಪತ್ರಿಕೆಗಳು ಅಚ್ಚಾದವು. ಮೊದಲಿಗಿಂತ ಚಂದವೇನೂ ಬರಲಿಲ್ಲ. ಹೆಡ್ ಮಾಸ್ತರರಿಗೆ ಮಾತ್ರ ಖುಷಿಯೋ ಖುಷಿ. ‘ಛಲೋ ಕಲ್ತೀರಿ. ವರ್ಷಪೂರ್ತಿ ಪರೀಕ್ಷಾ ಕೆಲಸ ನಿಮಗೇ ಕೊಡ್ಲೇನ್ರಿ?’

ನಾನು ತುಟಿ ಬಿಗಿಹಿಡಿದು ಸುಮ್ಮನೆ ನಿಂತೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ‘ಹಂಗಾದ್ರ ಆಯ್ತು’ ಎಂದು ಪರೀಕ್ಷೆಯ ಕಪಾಟಿನ ಬೀಗದ ಕೈ ನನ್ನ ಅಂಗೈಯಲ್ಲಿಟ್ಟು ಹೊರಟರು.

ಅವರ ಮುಖಕ್ಕೆ ಹೇಳಬೇಕಿದ್ದ ಮಾತು ನನ್ನ ಜೊತೆ ಮನೆಯವರೆಗೂ ಬಂತು. ಬೆಳಗಿನ ಸುಸಲಾ ಬಿಟ್ಟರೆ ದಿನವಿಡೀ ಏನೂ ತಿನ್ನದ ನಾನು ಹೊಸ್ತಿಲು ದಾಟುವಾಗ ಹೆಂಡತಿ ಕೇಳಿದಳು, ‘ಬಿಸಿ ರೊಟ್ಟಿ ಅದಾವ, ಹಾಕ್ಲೇನ್ರಿ?’

‘ಬ್ಯಾಡ’ ಎಂದು ಗುಡುಗಿದೆ.

ಇಷ್ಟು ವರ್ಷಗಳಲ್ಲಿ ನನ್ನ ಬಾಯಿಂದ ಬಂದ ಮೊದಲ ‘ಬ್ಯಾಡ’ ಅದು. ಅವಳು ಎರಡನೇ ಸಲ ಕೇಳದೆ ರೊಟ್ಟಿಯ ಬುಟ್ಟಿ ಮುಚ್ಚಿಟ್ಟಳು.