ಷಡ್ಡಕನ ರಿವಾಲ್ವರೂ ನನ್ನ ಹೊಟ್ಟೆಕಿಚ್ಚೂ

ಹೊಟ್ಟೆಕಿಚ್ಚು ಎಲ್ಲರ ಮೇಲೂ ಹುಟ್ಟುವುದಿಲ್ಲ ಎಂಬುದು ನನ್ನ ಅನುಭವ. ಸ್ವಂತ ವಿಮಾನ ಇಟ್ಟುಕೊಂಡವರನ್ನು ನೆನೆದು ನಾನು ಒಂದು ದಿನವೂ ಊಟ ಬಿಟ್ಟವನಲ್ಲ. ನಮ್ಮ ಕಾಲೇಜಿನ ಪ್ರಿನ್ಸಿಪಾಲರು ಹೊಸ ಕಾರು ತಂದ ದಿನ ಅದರ ಚಕ್ರಗಳಿಗೆ ನಿಂಬೆಹಣ್ಣು ಇಟ್ಟವನು ನಾನೇ, ಅದೂ ತುಂಬು ಮನಸ್ಸಿನಿಂದ. ಆದರೆ ನನ್ನ ಹೆಂಡತಿಯ ತಂಗಿಯ ಗಂಡ ಒಂದು ಜೊತೆ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದರೂ ಸಾಕು, ಎದೆಯ ಕೆಳಗೆ ಎಲ್ಲೋ ಸಣ್ಣಗೆ ಉರಿಯತೊಡಗುತ್ತದೆ. ಷಡ್ಡಕರ ಸಂಬಂಧವೇ ಅಂಥದ್ದು. ಒಂದೇ ಮನೆಯ ಇಬ್ಬರು ಅಳಿಯಂದಿರು ಎಂದರೆ ಒಂದೇ ತಕ್ಕಡಿಯ ಎರಡು ತಟ್ಟೆಗಳು. ಅತ್ತೆ ಬೇಡವೆಂದರೂ ತೂಗುತ್ತಾರೆ, ತೂಗದಿದ್ದರೆ ನಾವೇ ಹತ್ತಿ ಕೂರುತ್ತೇವೆ.

ನನ್ನ ಷಡ್ಡಕ ನಾಗರಾಜು ಸೋಲೂರಿನ ಕಡೆಯವನು. ತೆಂಗಿನಕಾಯಿ ವ್ಯಾಪಾರದಲ್ಲಿ ಶುರುಮಾಡಿ ಈಗ ಸೈಟುಗಳನ್ನೂ ಮಾರುತ್ತಾನೆ. ನಾನು ಕನಕಪುರದ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತ. ದೊಡ್ಡಆಲಹಳ್ಳಿಯ ಮನೆಯಿಂದ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತೇನೆ. ನನ್ನ ಹೆಂಡತಿ ಸುನಂದ ಸಾತನೂರಿನಲ್ಲಿ ದನಗಳ ಬೂಸಾ, ಹಿಂಡಿಯ ಅಂಗಡಿ ಇಟ್ಟಿದ್ದಾಳೆ, ಸ್ಕೂಟರಿನಲ್ಲಿ ಓಡಾಡುತ್ತಾಳೆ. ನಮ್ಮದು ಯಾರ ಕಣ್ಣಿಗೂ ಬೀಳದ, ಯಾರಿಗೂ ತೊಂದರೆ ಕೊಡದ ಸಂಸಾರ ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ, ಮಾಗಡಿಯಲ್ಲಿ ನಡೆದ ಆ ಬೀಗರ ಊಟದವರೆಗೆ.

ಅಂದು ನಾಗರಾಜು ನನ್ನ ಪಕ್ಕದ ಎಲೆಗೇ ಕೂತ. ಕೂತವನು ಹೊಟ್ಟೆಗೆ ಒತ್ತುತ್ತದೆ ಎನ್ನುತ್ತ ಸೊಂಟದಿಂದ ಒಂದು ಚರ್ಮದ ಚೀಲ ಬಿಚ್ಚಿ ನೀರಿನ ಲೋಟದ ಪಕ್ಕ ಇಟ್ಟ. ಅದರೊಳಗಿಂದ ರಿವಾಲ್ವರಿನ ಹಿಡಿ ಇಣುಕುತ್ತಿತ್ತು. ಸಾಲಿನಲ್ಲಿದ್ದವರೆಲ್ಲ ಬೆನ್ನು ನೇರ ಮಾಡಿಕೊಂಡರು. ಎದುರಿಗೆ ಕೂತಿದ್ದ ದೊಡ್ಡ ಮಾವನವರು ಮೂಳೆ ಕಡಿಯುವುದನ್ನು ನಿಲ್ಲಿಸಿ, "ಎಷ್ಟ್ ಗುಂಡು ಹಿಡೀತದ್ಲಾ ಅದು?" ಎಂದು ಕೇಳಿದರು. "ಆರು ಮಾವ," ಎಂದ ನಾಗರಾಜು, ಲೆಕ್ಕ ಹೇಳುವುದೂ ಒಂದು ಆಯಾಸ ಎಂಬಂತೆ. ನಮ್ಮ ಅತ್ತೆ ಓಡಿ ಬಂದು, "ಅದುನ್ನ ಒಸಿ ಅತ್ಲಾಗೆ ಮಡಗಪ್ಪ, ಸಾರು ಬಿದ್ದಾತು," ಎಂದರು. ಆ ದನಿಯಲ್ಲಿ ಗದರಿಕೆಗಿಂತ ಹೆಮ್ಮೆ ಹೆಚ್ಚಿತ್ತು. ಬಡಿಸುವವನು ನಾಗರಾಜುವಿನ ಎಲೆಯ ಮುಂದೆ ಎಷ್ಟು ಹೊತ್ತು ಬಗ್ಗಿ ನಿಂತನೆಂದರೆ, ನನ್ನ ಎಲೆಗೆ ಬರುವಷ್ಟರಲ್ಲಿ ಪಾತ್ರೆಯಲ್ಲಿ ಗಸಿ ಮಾತ್ರ ಉಳಿದಿತ್ತು. ನನ್ನ ಜೇಬಿನಲ್ಲೂ ಒಂದು ಪೆನ್ನು ಇತ್ತು. ಅದು ಎಷ್ಟು ಪುಟ ಬರೆಯುತ್ತದೆ ಎಂದು ಯಾರೂ ಕೇಳಲಿಲ್ಲ. ಮದುವೆ ಸಮಾರಂಭಗಳಿಗೆ ಆಯುಧ ಒಯ್ಯುವಂತಿಲ್ಲ ಎಂದು ಕಾನೂನಿದೆಯಂತೆ. ಅದು ಆಮೇಲೆ ತಿಳಿಯಿತು. ತಿಳಿದ ಮೇಲೆ, ಕಾನೂನು ಮುರಿದೂ ಇಷ್ಟು ಮರ್ಯಾದೆ ಪಡೆದನಲ್ಲ ಎಂದು ಇನ್ನಷ್ಟು ಉರಿಯಿತು.

ಬಸ್ಸಿನಲ್ಲಿ ಹಿಂದಿರುಗುವಾಗ ನಾನೂ ಒಂದು ರಿವಾಲ್ವರು ಕೊಳ್ಳುವುದೆಂದು ತೀರ್ಮಾನಿಸಿದೆ. ಚೀಟಿ ಎತ್ತಿದ ಸ್ವಲ್ಪ ದುಡ್ಡಿತ್ತು. ಮುಂದಿನ ಶನಿವಾರ ಸುನಂದಳಿಗೆ ಹೇಳದೆ ಬೆಂಗಳೂರಿಗೆ ಹೋಗಿ ಒಂದು ಬಂದೂಕಿನ ಅಂಗಡಿ ಹೊಕ್ಕೆ. ಅಂಗಡಿಯವರು ಕನ್ನಡಕ ಏರಿಸಿ ನನ್ನನ್ನು ನೋಡಿದರು. ಅವರು ಹೇಳಿದ ಅತಿ ಕಡಿಮೆ ಬೆಲೆಗೆ ನಮ್ಮೂರಿನಲ್ಲಿ ಎರಡು ಒಳ್ಳೆಯ ಸೀಮೆಹಸು, ಅವಕ್ಕೊಂದು ಕೊಟ್ಟಿಗೆ ಬರುತ್ತಿದ್ದವು. ಹಳೆಯದು ಅಗ್ಗವಾಗಬಹುದೇ ಎಂದೆ. ಹಳೆಯದು, ಅದರಲ್ಲೂ ವಿದೇಶದ್ದು, ಇನ್ನೂ ದುಬಾರಿಯಂತೆ. ಈ ವ್ಯಾಪಾರದಲ್ಲಿ ಮುದಿಯಾದಷ್ಟೂ ಬೆಲೆ ಏರುತ್ತದೆ ಎಂದು ಕೇಳಿ, ಆಫೀಸಿನಲ್ಲಿ ಮೂವತ್ತು ವರ್ಷ ಸವೆಸಿದ ನನಗೆ ಒಂದು ಗಳಿಗೆ ರಿವಾಲ್ವರುಗಳ ಮೇಲೂ ಅಸೂಯೆಯಾಯಿತು.

"ನಿಮ್ಮ ಬಜೆಟ್ ಎಷ್ಟು ಸಾರ್?" ಎಂದು ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಬೀದಿಯ ಕಡೆ ನೋಡಿದರು. "ಸಿಂಗಲ್ ಆಕ್ಷನ್ ಆದ್ರೆ ನಡೆಯುತ್ತಾ? ಅದನ್ನ ಈಗ ಯಾರೂ ಕೇಳಲ್ಲ. ರಾಮನಗರದಲ್ಲಿ ಒಬ್ಬ ಸಾಹೇಬ್ರು ಕೊಡ್ಬೇಕು ಅಂತಿದ್ದಾರೆ. ಲೈಸೆನ್ಸ್ ಬಂದ ಮೇಲೆ ಡಿಸಿ ಆಫೀಸಲ್ಲಿ ಒಪ್ಪಿಗೆ ತಗೊಂಡು ವರ್ಗಾಯಿಸ್ಕೋಬೇಕು. ಹೋಗಿ ನೋಡ್ಕೊಂಡು ಬನ್ನಿ."

ಸಿಂಗಲ್ ಆಕ್ಷನ್ ಎಂದರೇನೆಂದು ಕೇಳಲು ನಾಚಿಕೆಯಾಗಿ, ನನಗೂ ಅದೇ ಇಷ್ಟ ಎಂದು ಹೇಳಿ ಬಂದೆ.

ರಾಮನಗರಕ್ಕೆ ಒಬ್ಬನೇ ಹೋಗಬೇಕೆಂದಿದ್ದೆ. ಆದರೆ ಅಂಗಡಿಯ ತಕ್ಕಡಿಗೆ ಸೀಲು ಹಾಕಿಸಲು ಸುನಂದಳಿಗೂ ಅಲ್ಲಿ ಕೆಲಸವಿತ್ತು. ಅವಳ ಸ್ಕೂಟರಿನ ಹಿಂದೆ ಕೂತಾಗ ವಿಷಯ ಹೇಳಲೇಬೇಕಾಯಿತು. ಅವಳು ನಗಲಿಲ್ಲ, ಬೈಯಲಿಲ್ಲ. "ನೋಡೋಕೇನು ದುಡ್ಡು ಕೊಡ್ಬೇಕಾ, ನಡೀರಿ ನಾನೂ ಬತ್ತೀನಿ," ಎಂದಳು.

ರಹೀಂ ಸಾಹೇಬರ ಮನೆಯ ಹಿಂದೆಯೇ ಅವರ ರೇಷ್ಮೆ ನೂಲು ತೆಗೆಯುವ ಶೆಡ್ಡು. ಬೇಯುವ ಗೂಡಿನ ವಾಸನೆ ಹಜಾರದವರೆಗೂ ಬರುತ್ತಿತ್ತು. ಸಾಹೇಬರಿಗೆ ಎಪ್ಪತ್ತೈದು ದಾಟಿರಬೇಕು. ಚಹಾ ಕುಡಿಸಿದ ಮೇಲೆ ಬೀರುವಿನಿಂದ ಹಸಿರು ಬಟ್ಟೆಯ ಗಂಟು ತಂದು ಬಿಚ್ಚಿದರು. ಖಾಲಿ ಇದೆಯೆಂದು ಗುಂಡು ತುಂಬುವ ಆರು ಮನೆಗಳನ್ನೂ ಒಂದೊಂದಾಗಿ ತಿರುಗಿಸಿ ತೋರಿಸಿದರು.

"ಇದು ನಮ್ ಅಬ್ಬಾದು ಸಾರ್. ಗೂಡಿನ ದುಡ್ಡು ಚೀಲದಲ್ಲಿ ತರ್ತಿದ್ದ ಕಾಲ ಅದು. ಈಗ ದುಡ್ಡೆಲ್ಲ ಫೋನಲ್ಲೇ ಬರ್ತೈತೆ, ನಂಗೆ ಇದನ್ನ ಕಾಯೋದೇ ಒಂದು ಕೆಲಸ ಆಗ್ಬಿಟ್ಟೈತೆ," ಎಂದರು. "ನೋಡಿ, ಈಗಿನವು ಟ್ರಿಗರ್ ಎಳೀತಾ ಹೋದ್ರೆ ಸಾಕು, ಹಾರ್ತಾ ಹೋಗ್ತವೆ. ಇದು ಹಂಗಲ್ಲ. ಪ್ರತಿ ಸಲಾನೂ ಹಿಂದುಗಡೆ ಈ ಕುದುರೆ ಐತಲ್ಲ, ಇದನ್ನ ಹೆಬ್ಬೆಟ್ಟಲ್ಲಿ ಎಳೀಬೇಕು. ಆಮೇಲೇನೇ ಟ್ರಿಗರ್. ಒಂದ್ಸಲ ಎಳೆದ್ರೆ ಒಂದೇ ಗುಂಡು, ಸಿಂಗಲ್ ಆಕ್ಷನ್ ಅಂದ್ರೆ ಅದೇ. ಯೋಚ್ನೆ ಮಾಡೋರ ಪಿಸ್ತೂಲು ಇದು. ಅವಸರದೋರಿಗಲ್ಲ."

ನನಗಾಗಿಯೇ ತಯಾರಿಸಿದಂತಿತ್ತು ಆ ಮಾತು. ರಜಾ ಚೀಟಿ ಬರೆಯಲೂ ಎರಡು ದಿನ ಯೋಚಿಸುವ ಮನುಷ್ಯ ನಾನು. ಗಂಭೀರವಾಗಿ ಕೈಗೆ ತೆಗೆದುಕೊಂಡು, ಗೋಡೆಯ ಕಡೆ ಮುಖ ಮಾಡಿ, ಕುದುರೆಗೆ ಹೆಬ್ಬೆರಳು ಹಾಕಿ ಎಳೆದೆ. ಅದು ಅಲುಗಲಿಲ್ಲ. ಹಲ್ಲು ಕಚ್ಚಿ ಎಳೆದೆ. ಅರ್ಧ ಬಂದು ಬೆರಳಿನಿಂದ ಜಾರಿ ಟಪ್ಪೆಂದು ವಾಪಸಾಯಿತು. ಮೂವತ್ತು ವರ್ಷ ಫೈಲಿನ ಹಾಳೆ ಮಗುಚಿದ ಹೆಬ್ಬೆರಳು ಹಾಳೆ ಮಗುಚುವುದಕ್ಕೆ ಮಾತ್ರ ಉಳಿದಿತ್ತು. ಕೊನೆಗೆ ರಿವಾಲ್ವರನ್ನು ಮಂಡಿಗಳ ನಡುವೆ ಇರುಕಿಸಿ ಎರಡೂ ಕೈ ಹಾಕಿದೆ. ಸಾಹೇಬರು ಸಭ್ಯರು, ಅಷ್ಟು ಹೊತ್ತೂ ಕಿಟಕಿಯಾಚೆ ನೋಡುತ್ತಿದ್ದರು.

"ಕೊಡಿ ಇಲ್ಲಿ," ಎಂದಳು ಸುನಂದ.

ದಿನಾ ಬೂಸಾ ಮೂಟೆಯ ಹೊಲಿಗೆ ಕಿತ್ತು, ಐವತ್ತು ಕೆಜಿಯ ಚೀಲವನ್ನು ಕಿವಿ ಹಿಡಿದು ಎಳೆಯುವ ಕೈ ಅದು. ಕುದುರೆ ಒಂದೇ ಸಲಕ್ಕೆ ಹಿಂದೆ ಹೋಗಿ ಟಕ್ಕೆಂದು ಕೂತಿತು. ಮತ್ತೆ ಮಾಡಿದಳು, ಮತ್ತೆ ಕೂತಿತು. ಆಮೇಲೆ ಹಸು ಕೊಳ್ಳುವವಳ ಹಾಗೆ ಪರೀಕ್ಷೆ ಶುರುಮಾಡಿದಳು. ಕುದುರೆ ಎಳೆದ ಮೇಲೆ ಗುಂಡಿನ ಮನೆಗಳು ಅಲ್ಲಾಡುತ್ತವೆಯೇ ಎಂದು ಹಿಡಿದು ನೋಡಿದಳು. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ತುಕ್ಕಿದೆಯೇ ಎಂದು ಇಣುಕಿದಳು. "ಇದುರ್ ಗುಂಡು ಈಗ್ಲೂ ಸಿಕ್ತದಾ ಸಾಬ್ರೇ? ಕೆಟ್ರೆ ಯಾರ್ ರಿಪೇರಿ ಮಾಡ್ತಾರೆ? ನಿಮ್ ಲೈಸೆನ್ಸಲ್ಲಿರೋ ನಂಬ್ರೂ ಇದುರ್ ಮೇಲಿರೋ ನಂಬ್ರೂ ಒಂದೇನಾ?" ನಾನು ಕೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದ ಒಂದೇ ಪ್ರಶ್ನೆ, ಸೊಂಟದ ಚೀಲವನ್ನೂ ಜೊತೆಗೆ ಕೊಡುತ್ತೀರಾ ಎಂಬುದು.

ಸಾಹೇಬರ ಮುಖ ಅರಳಿತು. ನನಗೆ ಹೇಳಿದ ಬೆಲೆಗಿಂತ ಕಡಿಮೆ ಮಾಡಿ ಅವಳಿಗೆ ಹೇಳಿದರು. "ಅಮ್ಮಾ, ನಮ್ಮ ಅಬ್ಬಾನೂ ಹಿಂಗೇ ಹಿಡೀತಿದ್ರು," ಎಂದರು. ನಾನು ಸಕ್ಕರೆ ಜಾಸ್ತಿಯಾದ ಚಹಾದ ತಳವನ್ನು ನೋಡುತ್ತ ಕೂತೆ.

ಅರ್ಜಿಯನ್ನು ಮಾತ್ರ ನನ್ನ ಹೆಸರಿನಲ್ಲೇ ಹಾಕಿದೆ. ಅಷ್ಟು ಸುಲಭವಾಗಿ ಬಿಡುವವನಲ್ಲ ನಾನು. ಕೆಲವು ವಾರಗಳ ನಂತರ ವಿಚಾರಣೆಗೆ ಪೊಲೀಸ್ ಠಾಣೆಯಿಂದ ಕರೆ ಬಂತು. ಸುನಂದಳೂ ಬಂದಳು. ಇನ್ಸ್‌ಪೆಕ್ಟರು ಅರ್ಜಿಯನ್ನು ಎರಡು ಸಲ ಓದಿದರು. "ಸಾರ್, ಜೀವಭಯ ಇದೆ ಅಂತ ಬರೆದಿದ್ದೀರಿ. ನಿಮ್ಮನ್ನ ಯಾರು ಕೊಲ್ತಾರೆ?"

ನಾನು ಪ್ರಾಮಾಣಿಕವಾಗಿ ಯೋಚಿಸಿದೆ. ಪಕ್ಕದ ಜಮೀನಿನ ಮರಿಗೌಡರು ಒಮ್ಮೆ ಬದುವಿನ ವಿಷಯಕ್ಕೆ ಜೋರು ಮಾತಾಡಿದ್ದರು, ಮಾರನೆಯ ದಿನ ಅವರೇ ಒಂದು ಕುಂಬಳಕಾಯಿ ತಂದುಕೊಟ್ಟಿದ್ದರು. ಹಾಜರಾತಿ ಕಡಿಮೆಯಿದ್ದ ವಿದ್ಯಾರ್ಥಿಯೊಬ್ಬ ನೋಡ್ಕೋತೀನಿ ಎಂದಿದ್ದ, ಅವನು ಈಗ ಕೆಎಸ್ಸಾರ್ಟಿಸಿ ಕಂಡಕ್ಟರಾಗಿ ನನಗೆ ಸೀಟು ಹಿಡಿದಿಡುತ್ತಾನೆ. ಐವತ್ತೆರಡು ವರ್ಷ ಬದುಕಿ ಒಬ್ಬ ಶತ್ರುವನ್ನೂ ಸಂಪಾದಿಸದ ಮನುಷ್ಯ ಎಂಬುದು ಆ ಕುರ್ಚಿಯ ಮೇಲೆ ಕೂತಾಗ ಬಹಳ ಅವಮಾನವೆನಿಸಿತು.

"ಯಾರೂ ಇಲ್ಲ ಸಾರ್," ಎಂದೆ.

ಅವರು ನಗುತ್ತ ಅರ್ಜಿ ಮಡಿಸಿದವರು, ಸುನಂದಳ ಕಡೆ ತಿರುಗಿ ತಡೆದರು. "ನಿಮ್ಮನ್ನ ಎಲ್ಲೋ ನೋಡಿದೀನಲ್ಲಮ್ಮ. ಹೋದ್ ವರ್ಷ ಸಾತನೂರು ರೋಡಲ್ಲಿ ಇಬ್ಬರು ಬೈಕ್ ಅಡ್ಡ ಹಾಕಿದ್ರು ಅಂತ ಕಂಪ್ಲೇಂಟು ಕೊಟ್ಟಿದ್ದೋರು ನೀವೇ ಅಲ್ವಾ?"

"ಊಂ ಸಾರ್. ದುಡ್ಡಿನ ಬ್ಯಾಗ್ ಕಿತ್ಕೊಳ್ಳಕ್ ಬಂದಿದ್ರು. ಸ್ಕೂಟ್ರಲ್ಲಿದ್ ಮೂಟೆ ಕೊಕ್ಕೆ ಬೀಸ್ದೆ, ಓಡೋದ್ರು."

"ಈಗ್ಲೂ ಅದೇ ರೋಡಾ?"

"ಇನ್ನೆಲ್ಲೋಗ್ಲಿ ಸಾರ್. ದಿನಾ ಸಂಜೆ ಅಂಗ್ಡಿ ಮುಚ್ಕೊಂಡು ಅದೇ ದಾರೀಲೇ ಬರ್ಬೇಕು. ಅವ್ರು ಅಡ್ಡ ಆಕಿದ್ ಮರದ್ ತಾವ ಬಂದಾಗ ಈಗ್ಲೂ ಎದೆ ಒಡ್ಕತದೆ."

ಎದೆ ಹೊಡೆದುಕೊಳ್ಳುತ್ತದೆ ಎಂಬುದನ್ನು ಅವಳು ನನಗೆ ಎಂದೂ ಹೇಳಿರಲಿಲ್ಲ. ಹೇಳಲು ನಾನು ಬಿಟ್ಟಿರಲಿಲ್ಲ ಎನ್ನುವುದೇ ಸರಿ. ಆ ಸಂಜೆ ಅವಳು ಬಾಗಿಲಲ್ಲೇ ನಿಂತು ನಡೆದದ್ದನ್ನು ಹೇಳತೊಡಗಿದಾಗ, "ದುಡ್ಡು ಹೋಗಲಿಲ್ಲವಲ್ಲ, ಬಿಡು," ಎಂದು ಹೇಳಿ ನಾನು ಟೀವಿಯ ದನಿ ಏರಿಸಿದ್ದೆ. ಬೀಗರ ಊಟದಲ್ಲಿ ನನ್ನ ಎಲೆಗೆ ಬಿದ್ದ ಗಸಿ ಇಷ್ಟು ದಿನ ನೆನಪಿತ್ತು. ಇದು ನೆನಪಿರಲಿಲ್ಲ.

"ಅರ್ಜಿ ಹಾಕ್ಬೇಕಾದೋರು ಇವರು ಸಾರ್, ನೀವಲ್ಲ," ಎಂದರು ಇನ್ಸ್‌ಪೆಕ್ಟರು. ನಾನು ಹೂಂ ಎಂದೆ. ಹೊಸ ಅರ್ಜಿಯನ್ನು ನಾನೇ ಕೂತು, ನನ್ನ ಕೈಬರಹದಲ್ಲಿ, ಒಂದು ಅಕ್ಷರವೂ ತಪ್ಪದಂತೆ ತುಂಬಿದೆ. ಆ ಮಟ್ಟಿಗೆ ನನ್ನ ಪೆನ್ನು ಕೆಲಸಕ್ಕೆ ಬಂತು.

ವಿಚಾರಣೆ, ತರಬೇತಿ ಎಲ್ಲ ಮುಗಿಯಲು ಬಹಳ ಕಾಲ ಹಿಡಿಯಿತು. ತರಬೇತಿಯಲ್ಲಿ ಗುರಿ ಚೆನ್ನಾಗಿದೆ ಎಂದು ಹೇಳಿದರಂತೆ. ಅವಳು ಮನೆಗೆ ಬರುವ ಮೊದಲೇ ಆ ಸುದ್ದಿ ಸೋಲೂರು ತಲುಪಿತ್ತು. ನಾಗರಾಜು ಫೋನು ಮಾಡಿದ. ನನ್ನ ಹತ್ತಿರ ಅರ್ಧ ನಿಮಿಷ ಮಳೆ ಬೆಳೆ ವಿಚಾರಿಸಿ, "ಅಣ್ಣ, ಒಸಿ ಅತ್ಗೆ ಕೈಲಿ ಕೊಡು," ಎಂದ. ಇಬ್ಬರೂ ಅರ್ಧ ಗಂಟೆ ಎಣ್ಣೆ ಹಾಕುವುದು, ಗುಂಡು ತರುವುದು, ನವೀಕರಣ ಎಂದು ಮಾತಾಡಿದರು. ಇಷ್ಟು ದಿನ ಷಡ್ಡಕನ ಮೇಲಿದ್ದ ಕಿಚ್ಚು ಆ ಅರ್ಧ ಗಂಟೆಯಲ್ಲಿ ಸದ್ದಿಲ್ಲದೆ ಹೆಂಡತಿಯ ಕಡೆ ಮಗ್ಗುಲು ಬದಲಿಸಿದ್ದು ನನಗೇ ಗೊತ್ತಾಯಿತು. ಒಂದೇ ಸೂರಿನಡಿ ಇರುವುದರಿಂದ ಓಡಾಟದ ಖರ್ಚು ಉಳಿಯಿತು ಎಂದು ಸಮಾಧಾನ ಮಾಡಿಕೊಂಡೆ.

ಕೊನೆಯ ದಿನ ಜಿಲ್ಲಾಧಿಕಾರಿ ಕಚೇರಿಯಲ್ಲಿ ರಹೀಂ ಸಾಹೇಬರೂ ಬಂದು ಸಹಿ ಹಾಕಿ, ಮಗಳನ್ನು ಕಳಿಸಿಕೊಡುವವರ ಹಾಗೆ ಕಣ್ಣೊರೆಸಿಕೊಂಡು ಹೋದರು. ಅಲ್ಲಿಯ ಗುಮಾಸ್ತರು ಪರವಾನಗಿ ಪುಸ್ತಕ ತುಂಬುತ್ತ ಒಂದು ಅಂಕಣದ ಹತ್ತಿರ ನಿಂತರು. ಪರವಾನಗಿದಾರರ ಪರವಾಗಿ ಆಯುಧ ಹಿಡಿದು ಜೊತೆಗೆ ಬರುವ ಆಳು ಯಾರಾದರೂ ಇದ್ದರೆ, ಒಪ್ಪಿಗೆ ಪಡೆದು ಅವರ ಹೆಸರು ಬರೆಯುವ ಜಾಗವಂತೆ ಅದು. ನನ್ನ ಬೆನ್ನು ತಾನಾಗಿ ನೇರವಾಯಿತು. ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿ ಸುನಂದಳನ್ನು ಕೇಳಿದರು: "ಇವ್ರು ನಿಮ್ ಆಳಾ ಅಮ್ಮ? ಇವ್ರ ಹೆಸರಿಗೆ ಅರ್ಜಿ ಕೊಡ್ತೀರಾ?"

ಅವಳು ನನ್ನ ಕಡೆ ತಿರುಗಿದಳು. ರಿವಾಲ್ವರನ್ನು ಬೆಳಕಿಗೆ ಹಿಡಿದು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

"ಸದ್ಯಕ್ಕೆ ಖಾಲಿ ಬುಡಿ ಸಾರ್," ಎಂದಳು. "ಯೋಚ್ನೆ ಮಾಡಿ ಏಳ್ತೀನಿ."

ಎಂಟು ತಿಂಗಳಾಯಿತು, ಆ ಅಂಕಣ ಇನ್ನೂ ಖಾಲಿ. ಈಗ ಸಂಜೆಯ ಬಸ್ಸನ್ನು ಸಾತನೂರಿನಲ್ಲೇ ಇಳಿದು, ಅಂಗಡಿಯ ಮೂಟೆಗಳನ್ನು ಒಳಗಿಟ್ಟು, ಶಟರು ಎಳೆದು, ಅವಳ ಸ್ಕೂಟರಿನ ಹಿಂದೆ ಕೂತು ಮನೆಗೆ ಬರುತ್ತೇನೆ. ಆ ಮರ ಬಂದಾಗ ಜೋರಾಗಿ ಏನಾದರೂ ಮಾತಾಡುತ್ತೇನೆ. ಕೆಲಸ ತೃಪ್ತಿಕರವಾಗಿದೆ ಎಂದು ಅವಳ ಬಾಯಿಂದ ಇನ್ನೂ ಬಂದಿಲ್ಲ.