ಶಟರ್ ಎಳೆಯುವ ತಾಲೀಮು

ನಮ್ಮ ಬನಹಟ್ಟಿ ಪೇಟೆಯಲ್ಲಿ ಯಾರಾದರೂ ಬಹಳ ಗಂಭೀರವಾದ ಕೆಲಸಕ್ಕೆ ಕೈ ಹಾಕಿದರು ಅಂದರೆ, ವಾರದೊಳಗೆ ನಗುವ ಪ್ರಸಂಗವೊಂದು ಹುಟ್ಟಿತು ಅಂತಲೇ ತಿಳಿಯಬೇಕು. ಈ ಸಲ ಹಾಗೆ ಕೈ ಹಾಕಿದವನು ನಾನೇ. ಹಾಗಾಗಿ ನಗೆಯ ಪಾಲೂ ನನಗೇ ಹೆಚ್ಚು ಬಂತು.

ನನ್ನದು ಸೀರೆ ಅಂಗಡಿ. ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಹೂವಿನ ಅಕ್ಕ ಬುಟ್ಟಿ ಇಟ್ಟುಕೊಂಡು ಕೂಡುತ್ತಾಳೆ. ನಾನು ಅಂಗಡಿ ತೆರೆದ ವರ್ಷದಿಂದ ಅದು ಅವಳ ಜಾಗ. ಹೋದ ವರ್ಷ ಒಂದು ಮಧ್ಯಾಹ್ನ ಬೈಕು ನಿಲ್ಲಿಸುವ ಜಾಗದ ಸಲುವಾಗಿ ಎರಡು ಗುಂಪುಗಳಿಗೆ ಬಡಿದಾಟ ಹತ್ತಿತು. ಕೋಲು ಬಂದವು, ಕಲ್ಲು ಬಂದವು. ನಾನು ಹೆದರಿ ಧಡ್ ಅಂತ ಶಟರ್ ಎಳೆದುಕೊಂಡು ಒಳಗೆ ಕೂತೆ. ಹೂವಿನ ಅಕ್ಕ ಹೊರಗೇ ಉಳಿದಳು. ಹುಬ್ಬಿನ ಮೇಲೆ ಕಲ್ಲು ಬಿದ್ದು ಮೂರು ಹೊಲಿಗೆ ಹಾಕಿಸಿಕೊಂಡಳು.

ನಾಲ್ಕು ದಿನ ಬಿಟ್ಟು ಬಂದು ಅದೇ ಮೆಟ್ಟಿಲ ಮೇಲೆ ಕೂತಳು. ಎಂದಿನಂತೆ ನನ್ನ ಅಂಗಡಿಯ ದೇವರ ಫೋಟೋಕ್ಕೆ ಒಂದು ಮೊಳ ಹೂವು ಕೊಟ್ಟಳು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆ ನಾಚಿಕೆಗೇ ನಾನು ವ್ಯಾಪಾರಿಗಳ ಸಭೆಯಲ್ಲಿ ಎದ್ದು ನಿಂತು, ಇನ್ನು ಮುಂದೆ ಇಂಥದ್ದು ಆದಾಗ ಬೀದಿಯಲ್ಲಿ ಒಬ್ಬರೂ ಉಳಿಯಬಾರದು, ಪ್ರತಿ ಅಂಗಡಿಯವರೂ ಎದುರಿಗಿದ್ದವರನ್ನು ಒಳಗೆ ಕರೆದುಕೊಂಡೇ ಶಟರ್ ಎಳೆಯಬೇಕು, ಅದಕ್ಕೊಂದು ತಾಲೀಮು ಆಗಲಿ ಅಂದೆ. ಸಭೆಗೆ ಬಂದಿದ್ದ ಪೊಲೀಸ್ ಠಾಣೆಯ ಫೌಜದಾರ ಸಾಹೇಬರು ಖುಷಿಯಿಂದ ಒಪ್ಪಿದರು. ಪಾಪ, ಅವರು ನಮ್ಮ ಊರಿಗೆ ಹೊಸಬರು.

೧. ಪಾನಪಟ್ಟಿಯ ಅಳತೆ

ಸಾಹೇಬರು ಮೊದಲು ಒಂದು ಪಟ್ಟಿ ಬರೆಸಿದರು: ಯಾವ ಅಂಗಡಿಯಲ್ಲಿ ಎಷ್ಟು ಜನ ಹಿಡಿಯುತ್ತಾರೆ ಅಂತ. ನಾನು ಮೂವತ್ತು ಅಂತ ಬರೆದೆ. ಎದುರಿನ ಸೀರೆ ಅಂಗಡಿಯವರು ಅದನ್ನು ಇಣುಕಿ ನೋಡಿ ನಲವತ್ತು ಬರೆದರು. ಆಗ ನನಗೂ ಹಿಂದಿನ ಗೋದಾಮು ನೆನಪಾಗಿ ಐವತ್ತು ಮಾಡಿದೆ. ಹಾಳೆ ಕೈಯಿಂದ ಕೈಗೆ ಹೋಗಿ ಮೂಲೆಯ ಪಾನಪಟ್ಟಿ ಅಂಗಡಿಯವನಿಗೆ ಬಂತು. ಅವನು ಇಪ್ಪತ್ತೈದು ಅಂತ ಬರೆದ.

ಸಾಹೇಬರು ಹೋಗಿ ನೋಡಿದರೆ ಅದು ನಾಲ್ಕು ಕಾಲಿನ ಮೇಲೆ ನಿಂತ ತಗಡಿನ ಡಬ್ಬಿ. ಒಳಗೆ ಅವನೊಬ್ಬನೇ ಚಕ್ಕಳಮಕ್ಕಳ ಹಾಕಿ ಕೂತರೂ ಸುಣ್ಣದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಇದರಲ್ಲಿ ಇಪ್ಪತ್ತೈದು ಮಂದಿ ಹೇಗೆ ಅಂತ ಸಾಹೇಬರು ಕೇಳಿದರು.

"ಮಂದಿ ಹಿಡೀದಿದ್ರ ನಡೀತೈತ್ರಿ ಸಾಹೇಬ್ರ," ಅಂದ ಅವನು. "ನನ್ನ ಅಂಗಡಿಗೆ ಗಿರಾಕಿ ಕಡಿಮಿ ಅಂತ ಸರಕಾರಿ ಕಾಗದದಾಗ ಮಾತ್ರ ಬರೀಬ್ಯಾಡ್ರಿ."

೨. ಮೊದಲ ಗಿರಾಕಿ

ಪಟ್ಟಿ ಮುಗಿದ ಮೇಲೆ ಸಾಹೇಬರು ಬೀಳಗಿ ಕಡೆಯ ಒಬ್ಬ ಪೇದೆಯನ್ನು ಕರೆಸಿದರು. ನಮ್ಮಲ್ಲಿ ಯಾರಿಗೂ ಅವನ ಮುಖ ಗೊತ್ತಿರಲಿಲ್ಲ. ಅವನಿಗೆ ಹರಕು ಅಂಗಿ ತೊಡಿಸಿ, ಕೈಗೆ ಕಟ್ಟಿಗೆಯ ಚಾಕು ಕೊಟ್ಟು, ಯಾವುದಾದರೂ ಅಂಗಡಿಗೆ ಚೀರುತ್ತ ನುಗ್ಗು ಅಂದರು. ಅಂಗಡಿಯವರು ಏನು ಮಾಡಬೇಕು ಅನ್ನುವುದನ್ನು ಮೊದಲೇ ಹೇಳಿಕೊಟ್ಟಿದ್ದರು: ಎದುರು ಬೀಳಬಾರದು, ಗಿರಾಕಿಗಳನ್ನು ಹಿತ್ತಲ ಬಾಗಿಲಿಂದ ಕಳಿಸಬೇಕು, ಠಾಣೆಗೆ ಫೋನ್ ಹಚ್ಚಬೇಕು.

ಪೇದೆ ಹೋಗಿ ಹೋಗಿ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ನನ್ನ ಮಗ್ಗುಲಿನ ಕಿರಾಣಿ ಅಂಗಡಿಗೆ ನುಗ್ಗಿದ. ಕಿರಾಣಿ ಸಾವಕಾರರು ಆಗಷ್ಟೇ ಊದಿನಕಡ್ಡಿ ಬೆಳಗಿ, ತಕ್ಕಡಿಗೆ ಕೈ ಮುಗಿದು ಕೂತಿದ್ದರು. ದಿನದ ಮೊದಲ ಗಿರಾಕಿ ಬರಿಗೈಯಲ್ಲಿ ಹೋಗಬಾರದು ಅನ್ನುವುದು ಅವರ ಅಜ್ಜನ ಕಾಲದ ನೇಮ. ಪೇದೆ ಚಾಕು ಎತ್ತಿ, ಎಲ್ಲರನ್ನೂ ಕೊಚ್ಚಿ ಹಾಕುತ್ತೇನೆ ಅಂತ ಕೂಗಿದ. ಸಾವಕಾರರು ಅವನಿಗೆ ಸ್ಟೂಲು ಸರಿಸಿದರು.

"ಅದನ್ನ ಆಮ್ಯಾಲ ಮಾಡ್ರಿ. ಇನ್ನೂ ಬೋಣಿ ಆಗಿಲ್ಲ, ಮೊದಲ ಏನರ ತಗೋರಿ."

ಹೊರಗೆ ಗಡಿಯಾರ ನೋಡುತ್ತ ನಿಂತಿದ್ದ ಸಾಹೇಬರಿಗೆ, ಸ್ವಲ್ಪ ಹೊತ್ತಿನ ಮೇಲೆ ಪೇದೆ ಚಾಕುವನ್ನು ಬಗಲಲ್ಲಿ ಇರುಕಿಕೊಂಡು, ಎರಡೂ ಕೈಯಲ್ಲಿ ಕಾಗದದ ಪೊಟ್ಟಣ ಹಿಡಿದು ಬರುವುದು ಕಾಣಿಸಿತು. ಒಳಗೆ ಏನಾಯಿತು ಅಂತ ಗದರಿದರು.

"ಬೆಲ್ಲಾ ಛಲೋ ಐತ್ರಿ ಸರ," ಅಂದ ಪೇದೆ. "ಮಹಾಲಿಂಗಪುರದ್ದಂತ. ನಿಮಗೂ ಅರ್ಧ ಕಿಲೋ ಹೇಳಿ ಬಂದೇನಿ."

೩. ಮಗ್ಗ ನಿಂತಾಗ

ಪೇಟೆಯ ಹಿಂದಿನ ಓಣಿಯೆಲ್ಲ ವಿದ್ಯುತ್ ಮಗ್ಗಗಳು. ಅಲ್ಲಿ ಖಟಪಟ ಸದ್ದು ಎಷ್ಟೆಂದರೆ, ಸಾಹೇಬರು ಬಾಗಿಲಲ್ಲಿ ನಿಂತು ಸೀಟಿ ಊದಿದರೂ ಒಳಗೆ ಒಬ್ಬನೂ ತಲೆ ಎತ್ತಲಿಲ್ಲ. ಸೀಟಿ ಕೇಳದಿದ್ದರೆ ಅಪಾಯ ಬಂದಿದೆ ಅಂತ ನೇಕಾರರಿಗೆ ತಿಳಿಸುವುದು ಹೇಗೆ?

ಸಾಹೇಬರೇ ಉಪಾಯ ಹುಡುಕಿದರು. ಬೀದಿಯಲ್ಲಿ ಗಲಾಟೆ ಎದ್ದ ಕೂಡಲೇ ಮಾಲಕರು ಮೇನ್ ಸ್ವಿಚ್ ಆರಿಸಬೇಕು. ಮಗ್ಗ ಗಪ್ಪಾಯಿತು ಅಂದರೆ ಅಪಾಯ. ಬಾಗಿಲು ಹಾಕಿಕೊಂಡು ಕೂತಲ್ಲೇ ಕೂಡಬೇಕು. ಎಷ್ಟು ಸರಳ ಅಂತ ನಾವೆಲ್ಲ ತಲೆದೂಗಿದೆವು. ಮಾಲಕರು ನೇಕಾರರಿಗೆ ಎರಡೆರಡು ಸಲ ತಿಳಿಸಿ ಹೇಳಿದರು. ಅವರೂ ಆಯಿತು ಅಂದರು.

ತಾಲೀಮಿನ ದಿನ ಹನ್ನೊಂದಕ್ಕೆ ಸರಿಯಾಗಿ ಓಣಿಯ ಸ್ವಿಚ್ಚುಗಳೆಲ್ಲ ಆರಿದವು. ಮಗ್ಗಗಳು ನಿಂತವು. ಮರುಗಳಿಗೆಗೆ ಎಲ್ಲ ಬಾಗಿಲುಗಳೂ ತೆರೆದವು. ಹೆಗಲ ಮೇಲಿನ ಟಾವೆಲಿನಿಂದ ಬೆವರು ಒರೆಸಿಕೊಳ್ಳುತ್ತ ಓಣಿಗೆ ಓಣಿಯೇ ಬೀದಿಗೆ ಬಂತು. ಮಗ್ಗ ನಿಂತಿತು ಅಂದರೆ ಕರೆಂಟ್ ಹೋಯಿತು, ಕರೆಂಟ್ ಹೋದರೆ ಚಹಾ ಕುಡಿಯಬೇಕು. ಹುಟ್ಟಿದಾಗಿನಿಂದ ಇದ್ದ ರೂಢಿ ಎರಡು ಸಲ ಹೇಳಿದರೆ ಬಿಟ್ಟೀತೆ? ಚಹಾದ ಅಂಗಡಿಯ ಮುಂದೆ ಜಾತ್ರೆ ನೆರೆಯಿತು. ಅಪಾಯ ಇರುವುದೇ ಇಲ್ಲಿ ಬೀದಿಯಲ್ಲಿ, ಒಳಗೆ ಹೋಗಿ ಅಂತ ಸಾಹೇಬರು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಒಬ್ಬ ಹಿರಿಯ ನೇಕಾರ ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡು ಅವರ ಹತ್ತಿರ ಬಂದ.

"ಕರೆಂಟ್ ಎಷ್ಟೊತ್ತಿಗೆ ಬರ್ತೈತ್ರಿ ಸಾಹೇಬ್ರ?"

೪. ಒತ್ತಿ ಹಿಡಿಯುವುದು

ಗಾಯವಾದರೆ ರಕ್ತ ನಿಲ್ಲಿಸುವುದನ್ನು ಕಲಿಸಲು ದವಾಖಾನೆಯಿಂದ ಒಬ್ಬ ಸಿಸ್ಟರ್ ನನ್ನ ಅಂಗಡಿಗೇ ಬಂದರು. ಗಾದಿಯ ಮೇಲೆ ಹತ್ತಾರು ವ್ಯಾಪಾರಿಗಳು. ಪೆಟ್ಟಾದವರಂತೆ ಯಾರು ಮಲಗುತ್ತೀರಿ ಅಂದಾಗ ಹೂವಿನ ಅಕ್ಕ ಸುಮ್ಮನೆ ಬಂದು ತೋಳು ಚಾಚಿದಳು.

ಸಿಸ್ಟರ್ ನನಗೆ ಒಂದು ಬಟ್ಟೆ ಬೇಗ ಕೊಡಿ ಅಂದರು. ನಾನು ಕಪಾಟಿನಿಂದ ಒಂದು ತೆಗೆದೆ, ಅದರ ಅಂಚು ಗಿಡ್ಡ ಅನ್ನಿಸಿತು. ಇನ್ನೊಂದು ತೆಗೆದೆ. ಇದು ಶುದ್ಧ ಹತ್ತಿ, ಎಷ್ಟು ಒಗೆದರೂ ಬಣ್ಣ ಬಿಡುವುದಿಲ್ಲ ಅಂತ ಬಿಡಿಸಿ ತೋರಿಸಿದೆ. ಮೂರನೆಯದಕ್ಕೆ ಕೈ ಹಾಕುವಾಗ ಸಿಸ್ಟರ್, ಇಷ್ಟು ಹೊತ್ತಿಗೆ ಪೇಷಂಟ್ ತೀರಿಕೊಂಡಾಗಿದೆ ಅಂದರು.

ಕಡೆಗೆ ಸಿಕ್ಕಿದ್ದನ್ನು ಮಡಿಸಿ ಅಕ್ಕನ ತೋಳಿನ ಮೇಲೆ ಒತ್ತಿ ಹಿಡಿದೆ. ಅವಳ ಹುಬ್ಬಿನ ಗುರುತು ನನ್ನ ಕಣ್ಣ ಮುಂದೆಯೇ ಇತ್ತು. ಇಷ್ಟು ದಿನ ನುಂಗಿಕೊಂಡಿದ್ದ ಮಾತು ಬಾಯಿಗೆ ಬಂದೇಬಿಟ್ಟಿತು.

"ಯಕ್ಕಾ, ಅವತ್ತ ನಿನ್ನ ಹೊರಗ ಬಿಟ್ಟ ಶಟರ್ ಎಳಕೊಂಡ್ನಿ. ತಪ್ಪಾತು."

ಅವಳು ನನ್ನ ಮುಖ ನೋಡಲಿಲ್ಲ, ತೋಳು ನೋಡಿದಳು.

"ಗಟ್ಟಿ ಒತ್ತರಿ ಸಾವಕಾರ್ರ. ಮಾತಾಡಾಕ ಹತ್ತಿದ್ರ ನಿಮ್ಮ ಕೈ ಸಡಲ ಆಗ್ತೈತಿ, ನಾ ಇನ್ನೊಮ್ಮೆ ಸಾಯ್ತೇನಿ."

೫. ಎಲ್ಲರೂ ಒಳಗೆ

ಮಳೆಗಾಲ ಕಳೆದ ಮೇಲೆ ಒಂದು ಸಂತೆಯ ದಿನ ಖರೆ ಬಡಿದಾಟವೇ ಬಂತು. ಈ ಸಲ ತರಕಾರಿ ಗಾಡಿಗಳ ಜಾಗಕ್ಕೆ. ಎರಡೂ ಕಡೆಯಿಂದ ಕೋಲು ಹಿಡಿದ ಗುಂಪುಗಳು ಬರುತ್ತಿದ್ದವು.

ಪೇಟೆ ಅವತ್ತು ನಡೆದುಕೊಂಡ ರೀತಿ ನೆನೆದರೆ ಈಗಲೂ ನನಗೆ ಹೆಮ್ಮೆ. ಔಷಧಿ ಅಂಗಡಿಯವರು ಮೊದಲ ಕಲ್ಲು ಬೀಳುವ ಮುಂಚೆಯೇ ಠಾಣೆಗೆ ಫೋನ್ ಹಚ್ಚಿದರು. ಕಿರಾಣಿ ಸಾವಕಾರರು ಏನು ಬೇಕು ಅಂತ ಕೇಳದೆ ಬಂದವರನ್ನೆಲ್ಲ ಒಳಗೆ ಎಳೆದುಕೊಂಡರು. ಅವರ ಜನ್ಮದಲ್ಲೇ ಅದು ಮೊದಲು. ಮಗ್ಗಗಳನ್ನು ಯಾರೂ ನಿಲ್ಲಿಸಲಿಲ್ಲ. ಸದ್ದಿನ ನಡುವೆ ನೇಕಾರರು ಮಾತಾಡುವ ಕೈಸನ್ನೆಯಲ್ಲೇ ಮಾಲಕರು ಸುದ್ದಿ ಮುಟ್ಟಿಸಿದರು, ಒಬ್ಬನೂ ಹೊರಗೆ ಬರಲಿಲ್ಲ. ಪಾನಪಟ್ಟಿಯವನು ಒಬ್ಬ ಅಜ್ಜಿಯನ್ನು ಡಬ್ಬಿಯೊಳಗೆ ಕೂಡಿಸಿ, ತಾನು ಅದರ ಕೆಳಗೆ ತೂರಿಕೊಂಡ.

ನಾನು ಎಲ್ಲರಿಗಿಂತ ಮೊದಲು ಹೂವಿನ ಅಕ್ಕನ ಕೈ ಹಿಡಿದು ಒಳಗೆ ಕಳಿಸಿದೆ. ಅವಳ ಬುಟ್ಟಿ ಕಳಿಸಿದೆ. ಸಂತೆಗೆ ಬಂದ ಹೆಂಗಸರನ್ನು, ಮಕ್ಕಳನ್ನು, ಒಬ್ಬ ಮುದುಕನನ್ನು ಕಳಿಸಿದೆ. ಮೆಟ್ಟಿಲ ಮೇಲೆ ನಿಂತು ಬೀದಿಯ ಆ ತುದಿ ಈ ತುದಿ ನೋಡಿದೆ. ಒಬ್ಬರೂ ಉಳಿದಿರಲಿಲ್ಲ. ವರ್ಷದ ಮೇಲೆ ಮೊದಲ ಸಲ ಮನಸ್ಸಿಗೆ ನೆಮ್ಮದಿಯಾಯಿತು. ಅದೇ ನೆಮ್ಮದಿಯಲ್ಲಿ ಶಟರ್ ಎಳೆದೆ, ಕೀಲಿ ಹಾಕಿದೆ, ಎರಡು ಸಲ ಜಗ್ಗಿ ನೋಡಿದೆ, ದಿನಾ ಸಂಜೆ ಮಾಡುವಂತೆ ಕೀಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ, ಕೀಲಿಕೈ ಕಿಸೆಗೆ ಹಾಕಿ ತಿರುಗಿದೆ.

ಎರಡು ಗುಂಪಿನ ನಡುವೆ ನಾನೊಬ್ಬನೇ ನಿಂತಿದ್ದೆ.

ಇಪ್ಪತ್ತು ವರ್ಷ ಅಂಗಡಿ ಮುಚ್ಚಿ ಮನೆಗೆ ಹೋದ ಕೈ ಅದು. ಒಳಗೆ ನಿಂತು ಮುಚ್ಚಬೇಕು ಅನ್ನುವುದು ಅದಕ್ಕೆ ಹೊಳೆಯಲೇ ಇಲ್ಲ. ಹೋದ ವರ್ಷ ಹೆದರಿಕೆ ನನ್ನನ್ನು ಒಳಗೆ ದೂಡಿತ್ತು, ಈ ವರ್ಷ ನೆಮ್ಮದಿ ಹೊರಗೆ ನಿಲ್ಲಿಸಿತು. ಎಲ್ಲರಿಗಿಂತ ಮುಂದಿದ್ದ ದೊಡ್ಡ ಮೀಸೆಯವನು ಎತ್ತಿದ ಕೋಲನ್ನು ಹಾಗೇ ಹಿಡಿದು ನನ್ನನ್ನೂ ಶಟರನ್ನೂ ನೋಡಿದ.

"ಇಷ್ಟ ಲಗೂ ಬಂದ್ ಮಾಡಿದ್ರೇನ್ರಿ ಸಾವಕಾರ್ರ? ಮಗಳ ಕುಬಸಕ್ಕ ಹಸರ ಸೀರಿ ತಗೋಬೇಕಿತ್ತು. ಇದೊಂದ ಮುಗಿಸಿ ಬರ್ತೇನಿ, ತಗದಿಡ್ರಿ."

ಎದುರು ಗುಂಪಿನ ಮುಂದಿದ್ದವನು ಕೋಲು ಇಳಿಸಿದ. ಬಸುರಿ ಮಗಳಿಗೆ ಸೀರೆ ಉಡಿಸುವ ಕುಬಸದ ಕಾರ್ಯ ಅಂದರೆ ನಮ್ಮ ಕಡೆ ವೈರಿಯೂ ಒಂದು ಮಾತು ಕೇಳಿಯೇ ಕೇಳುತ್ತಾನೆ. ಎಷ್ಟನೆಯ ತಿಂಗಳು ಅಂತ ಕೇಳಿದ. ಏಳು ಅಂದ ಮೀಸೆಯವನು. ಯಾವ ಊರಿಗೆ ಕೊಟ್ಟಿದ್ದೀರಿ ಅಂತ ಕೇಳಿದ. ಮುಧೋಳಕ್ಕೆ ಅಂದ. ಪೊಲೀಸ್ ಜೀಪು ಬಂದಾಗ ಇಬ್ಬರೂ ಬೀಗರ ಮನೆತನದ ವಿಚಾರಕ್ಕೆ ಇಳಿದಿದ್ದರು, ನಾನು ನಡುವೆ ನಿಂತು ಹಸಿರಿನಲ್ಲಿ ಯಾವ ಯಾವ ಅಂಚು ಇದೆ ಅಂತ ಹೇಳುತ್ತಿದ್ದೆ.

ಮುಂದಿನ ವಾರ ಸಭೆ ಸೇರಿತು. ಸಾಹೇಬರು ಬಹಳ ಹೊಗಳಿದರು. ಅವತ್ತು ಬೀದಿಯಲ್ಲಿ ಯಾರಾದರೂ ಉಳಿದಿದ್ದರೇ ಅಂತ ಕೊನೆಗೆ ಕೇಳಿದರು. ಎಲ್ಲರೂ ನನ್ನ ಕಡೆ ನೋಡಿ, ನಗು ತಡೆಯಲು ತುಟಿ ಕಚ್ಚಿಕೊಂಡರು. ಸಭೆಯಲ್ಲಿ ಎಂದೂ ಬಾಯಿ ಬಿಡದ ಹೂವಿನ ಅಕ್ಕ ಆಗ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಒಬ್ರ ಉಳದಿದ್ರು ಸಾಹೇಬ್ರ," ಅಂದಳು. "ತಪ್ಪೇನಿಲ್ಲ ಬಿಡ್ರಿ. ಹೋದ ಸಲ ನನ್ನ ಪಾಳಿ ಇತ್ತು, ಈ ಸಲ ಸಾವಕಾರ್ರದ್ದು."