ತಪ್ಪಿದಾಂವಗೇ ಮತ್ತ ಚೆಂಡು

ಎದಿ ಧಸಕ್ ಅನ್ನೂವಂಥ ಸಂಗತಿ ಬ್ಯಾರೆಯವರ ಬಾಳಿನಾಗ ವರ್ಷಕ್ಕೊಮ್ಮೆ ಆದರ, ನಮ್ಮ ಮಸರಕಲ್ ವಾಲಿಬಾಲ್ ಟೀಮಿನಾಗ ವಾರಕ್ಕೊಮ್ಮೆ ಆಗತಾವ. ಎಲ್ಲಾದಕ್ಕೂ ಮೂಲ ಒಬ್ಬರೇ, ಲೈನ್‌ಮನ್ ಮಾಮಾ. ಹಗಲೆಲ್ಲಾ ಕರೆಂಟಿನ ಕಂಬ ಹತ್ತತಾರ, ಸಂಜಿಗೆ ನೆಟ್ಟಿನ ಬಾಜೂ ನಿಂತು ನಮಗ ಚೆಂಡು ಎತ್ತಿ ಕೊಡತಾರ. ಇಪ್ಪತ್ತೈದು ವರ್ಷದಿಂದ ಇದೇ ನಡದದ. ಅವರು ಎತ್ತಿಕೊಟ್ಟಿದ್ದನ್ನ ಜಿಗಿದು ಹೊಡಿಯಾವರು ಇಬ್ಬರು, ನನ್ನ ಟೇಲರ್ ಗೆಳೆಯ ಮತ್ತ ನಾನು. ಟೇಲರ್ ಹೊಡದರ ಆಚಿ ಕಡಿಯವರು ಮಾರಿ ಮುಚ್ಕೋತಾರ. ನಾ ಹೊಡದರ ನಮ್ಮವರೇ ಮುಚ್ಕೋತಾರ.

ಯಾರ ಕಡಿ?

ನನ್ನ ಮೊದಲ ಮ್ಯಾಚ್ ಸಿರವಾರದಾಗ. ಮೊದಲ ಚೆಂಡು ಹೊಡದೆ ನೋಡ್ರಿ, ಕಂಪೌಂಡ್ ದಾಟಿ ರೈಸ್ ಮಿಲ್ಲಿನ ಅಂಗಳದಾಗ ಭತ್ತದ ಮ್ಯಾಲೆ ಬಿತ್ತು. ಇನ್ನ ಬೈಗುಳ ಗ್ಯಾರಂಟಿ ಅಂತ ತಲಿ ತಗ್ಗಿಸಿ ನಿಂತೆ.

"ಭಾರಿ ದಮ್ ಅದಲೇ ನಿನ್ನ ಕೈಯಾಗ!" ಅಂದರು ಮಾಮಾ. ಮತ್ತ ನನಗೇ ಕೊಟ್ಟರು. ನೆಟ್ಟಿಗೆ ಬಡೀತು. ಮತ್ತ ನನಗೇ. ಗೆರಿ ಹೊರಗ ಬಿತ್ತು. ನಾಕನೇದೂ ನನಗೇ! ಯಪ್ಪಾ ಶಿವನೇ, ಈ ಮನುಷ್ಯಾಗ ತಲಿ ನೆಟ್ಟಗ ಅದನೋ ಇಲ್ಲೋ ಅಂತ ನನಗೇ ಗಾಬರಿ ಆತು. ತಪ್ಪಿದಾಂವಗೇ ಮುಂದಿನ ಚೆಂಡು ಕೊಡೋದು ಅವರ ರೀತಿ ಅಂತ ನನಗ ಆಮ್ಯಾಲೆ ಗೊತ್ತಾತು.

ಅಂಪೈರ್ ಬಾಯಾಗಿನ ಸೀಟಿ ತಗದು ಕೇಳೇಬಿಟ್ಟರು, "ಲೈನ್‌ಮನ್‌ರ, ನೀವು ಯಾವ ಕಡಿ ಆಡಾಕತ್ತೀರಿ?"

"ಹುಡುಗನ ಕಡಿ ರೀ," ಅಂದರು ಮಾಮಾ.

ರೊಟ್ಟಿ ಬಡಿದ ಕೈ

ಆ ಮ್ಯಾಚ್ ಸೋತ ಮ್ಯಾಲೆ ಮಾಮಾ ದಿನಾ ನನ್ನ ಕಡಿಂದ ನೂರು ಚೆಂಡು ಹೊಡಿಸಾಕ ಹತ್ತಿದರು. ಅಂಗೈ ಊದಿ ತುತ್ತು ಎತ್ತಾಕ ಬರವಲ್ದು. ಅದನ್ನ ನೋಡಿದ ನಮ್ಮವ್ವ ಸೆರಗು ಸಿಗಿಸಿಕೊಂಡು ಸೀದಾ ಗ್ರೌಂಡಿಗೇ ಬಂದಳು.

"ಏನ್ ತಮ್ಮಾ, ನನ್ನ ಮಗನ ಕೈ ಏನು ಮಾಡಿಟ್ಟಿ?"

"ಯಕ್ಕಾ, ಒಂದೇ ಒಂದು ನೀ ಹೊಡದು ನೋಡು. ನೋವಾದರ ಮಗನ್ನ ಈಗಲೇ ಮನಿಗೆ ಕರಕೊಂಡು ಹೋಗು," ಅಂದು ಮಾಮಾ ಮೆತ್ತಗ ಚೆಂಡು ಎತ್ತಿಕೊಟ್ಟರು.

ಅವ್ವ ನಿಂತಲ್ಲೇ ಬೀಸಿದಳು. ಫಟ್! ಚೆಂಡು ನೆಟ್ ದಾಟಿ ಟೇಲರನ ಎದಿಗೆ ಬಡದು, ಅಂವ ದಪ್ ಅಂತ ಕುಂತುಬಿಟ್ಟ. ನಾವೆಲ್ಲಾ ಬಾಯಿ ತಕ್ಕೊಂಡು ನಿಂತಿವಿ. ದಿನಾ ಜ್ವಾಳದ ರೊಟ್ಟಿ ಬಡಿಯೋ ಕೈ ಅದು, ನಮಗೆಲ್ಲಿ ಹೊಳದಿತ್ತು! ಅವ್ವಗ ನೋವಿನ ನೆನಪೂ ಇರಲಿಲ್ಲ, "ಇನ್ನೊಂದು ಕೊಡೋ" ಅನ್ನಾಕತ್ತಿದ್ದಳು.

ಮಾಮಾ ನನ್ನ ಮಾರಿ ಒಮ್ಮೆ ನೋಡಿದರು, ಅವ್ವನ್ನ ಒಮ್ಮೆ ನೋಡಿದರು. "ಯಕ್ಕಾ, ಐತವಾರ ದೇವದುರ್ಗದಾಗ ಮ್ಯಾಚ್ ಅದ. ನಿನಗ ಪುರಸೊತ್ತು ಅದೇನು?"

ಮಾನ್ವಿಯ ಕಡೀ ಪಾಯಿಂಟ್

ಮಾನ್ವಿ ಟೂರ್ನಮೆಂಟಿಗೆ ಹೋಗೂ ಮುಂದ ಮಾಮಾಗ ಕಡ್ಡಿ ಮುರಿದಂಗ ಹೇಳಿದ್ದೆ: ಇಲ್ಲೂ ಮಾನ ಹೋತಂದರ ಇನ್ನ ನಾ ಚೆಂಡು ಮುಟ್ಟಂಗಿಲ್ಲ. ಖರೇನೇ ಸಾಕಾಗಿತ್ತು ನನಗ.

ಕಡೀ ಸೆಟ್. ಒಂದೇ ಪಾಯಿಂಟ್ ಬಂದರ ಕಪ್ ನಮ್ಮದು. ಅದರ ಹಿಂದಿನ ಎರಡೂ ಚೆಂಡು ಹಾಳು ಮಾಡಿದಾಂವ ನಾನೇ. "ಟೇಲರಗ ಕೊಡ್ರೀ!" ಅಂತ ಮಂದಿ ಒದರಾಕತ್ತಿದ್ದರು. ನಾನೂ ಮನಸಿನಾಗ ಅದನ್ನೇ ಬೇಡ್ಕೊಳ್ಳಾಕತ್ತಿದ್ದೆ.

ಚೆಂಡು ಮ್ಯಾಲೆದ್ದಿತು. ನನ್ನ ಕಡಿಗೇ ಬಂತು! ಜೀವ ಬಾಯಿಗೆ ಬಂತು ನೋಡ್ರಿ. ಆದರ ಊರಿಗೂರೇ ಬ್ಯಾಡ ಅಂದರೂ ಈ ಪುಣ್ಯಾತ್ಮ ನನ್ನ ನಂಬ್ಯಾನಲ್ಲಾ ಅನ್ನೋದು ಹೊಟ್ಟಿಯೊಳಗಿಂದ ಎದ್ದು ಬಂತು. ಜಿಗಿದೆ, ಹೊಡದೆ. ಚೆಂಡು ಗೆರಿ ಒಳಗ ಬಿದ್ದು ಧೂಳೆಬ್ಬಿಸಿತು.

ನಾ ಅಳಕೋತ ಓಡಿ ಮಾಮಾನ ಕಾಲು ಹಿಡಿದೆ. "ಮಾಮಾ, ಕಡೀ ಚೆಂಡೂ ನನಗೇ ಕೊಟ್ಟಿರಲ್ರೀ!"

ಮಾಮಾ ನನ್ನ ಎಬ್ಬಿಸಿ, ಮಾರಿ ಹತ್ತಿರ ತಂದು ನೋಡಿದರು. "ಅಯ್ಯ, ಹೊಡದಾಂವ ನೀ ಏನಲೇ? ನಾ ಟೇಲರಗ ಕೊಟ್ಟಿದ್ದೆ!"

ನಾ ಟೇಲರ್ ನಿಂತಿದ್ದ ಕಡಿ ಕೈ ಮಾಡಿದೆ. "ಅಂವ ಆ ಕಡಿ ಇದ್ದನಲ್ರೀ!"

"ನಾಕು ಮಾರು ಆಚಿ ನನಗ ಎಲ್ಲಾರೂ ಬರೇ ನಮ್ಮ ಟೀಮಿನ ಹಳದಿ ಅಂಗಿನೇ ಕಾಣತೀರಿ. ನಿಮ್ಮ ಅತ್ತಿ ಮುಂದ ಹೇಳಬ್ಯಾಡ, ಚಷ್ಮಾ ಚಷ್ಮಾ ಅಂತ ಬೆನ್ನು ಹತ್ತತಾಳ."

"ಅಂದರ ಕಡೀ ಚೆಂಡು ನನಗ ಕೊಡೂ ಮನಸೇ ಇರಲಿಲ್ಲೇನ್ರೀ?"

"ಕಪ್ಪಿನ ಪಾಯಿಂಟಲೇ! ನಿನಗ ಕೊಡಾಕ ನನಗೇನು ಹುಚ್ಚೇ?"

ನನಗ ಸಿಟ್ಟು, ಅಳು ಎರಡೂ ಕೂಡಿ ಬಂದವು. "ನೀವು ನಂಬೀರಿ ಅಂತ ತಿಳಕೊಂಡು ಹೊಡದೆ ರೀ ನಾ!"

ಮಾಮಾ ನನ್ನ ಬೆನ್ನಿಗೆ ಒಂದು ಗುದ್ದಿದರು.

"ನಾ ನಂಬದಿದ್ದಾಗೇ ಇಂಥಾ ಹೊಡತ ಹೊಡದಿ! ನಾಳಿಂದ ಖರೇನೇ ನಂಬತೀನಿ, ನೋಡೂಣು ಏನು ಮಾಡತಿ."